ಬ್ಯಾಟರಿಯ ಮೇಲೆ ಸುರಿದ ನೀರು

ಇವತ್ತು ಮನೆಯ ಇನ್ವರ್ಟರಿನ ಚಾರ್ಜರ್ ರಿಪೇರಿಗೆ ಬಂದ ಮೆಕ್ಯಾನಿಕ್ ಬ್ಯಾಟರಿಯ ಮುಚ್ಚಳ ಬಿಚ್ಚಿದ. ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತು. ನನಗದು ಅಪ್ಪನ ಟವಲ್ಲಿನ ವಾಸನೆ.

ಹಳ್ಳಿಮೈಸೂರಿನ ಹತ್ತಿರದ ನಮ್ಮೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಚಾವಡಿಯ ರೇಡಿಯೊ ಬ್ಯಾಟರಿಯಿಂದ ಹಾಡುತ್ತಿತ್ತು. ಚಾರ್ಜು ಇಳಿದಾಗಲೆಲ್ಲ ಅದನ್ನು ತಲೆಯ ಮೇಲೆ ಹೊತ್ತು ಹೊಳೆನರಸೀಪುರದ ಅಂಗಡಿಗೆ ನಡೆಯುವ ಕೆಲಸ ಊರಾಚೆಯ ಕೇರಿಯ ನನ್ನಪ್ಪನದು. ಆಸಿಡ್ ಜಿನುಗಿ ಅವನ ಟವಲ್ಲು, ಅಂಗಿಯ ಹೆಗಲು ತೂತುತೂತಾಗಿದ್ದವು. ತೇಪೆ ಹಾಕಿ ಹಾಕಿ ಅವ್ವ ಸೋತಿದ್ದಳು.

ಚಾರ್ಜು ಮಾಡಿಸಿ ತಂದ ಬ್ಯಾಟರಿಯನ್ನು ಅಪ್ಪ ಚಾವಡಿಯ ಮೆಟ್ಟಿಲ ಕೆಳಗೆ ಇಳಿಸಬೇಕು. ನಾವು ಮುಟ್ಟಿದ ಮೈಲಿಗೆ ಹೋಗಲೆಂದು ಪಟೇಲರು ಅದರ ಮೇಲೆ ಒಂದು ಚೊಂಬು ಬಾವಿನೀರು ಸುರಿಸಿಯೇ ಒಳಗೆ ಒಯ್ಯಿಸುತ್ತಿದ್ದರು. ಮುಚ್ಚಳದ ತೂತುಗಳಿಂದ ಆ ನೀರು ಒಳಗಿಳಿಯುತ್ತಿತ್ತು.

“ಸಾದಾ ನೀರು ಬಿದ್ರೆ ಕೆಡ್ತದೆ ಅಂತ ಅಂಗಡಿಯೋರು ಯೋಳವ್ರೆ ಬುದ್ಧಿ,” ಅಂದಿದ್ದ ಅಪ್ಪ, ತಲೆ ತಗ್ಗಿಸಿಕೊಂಡು.

“ನಂಗೇ ಯೋಳ್ಕೊಡ್ತೀಯೇನ್ಲಾ?” ಅಂದಿದ್ದರು ಪಟೇಲರು.

ಕೊನೆಗೊಂದು ದಿನ ರೇಡಿಯೊ ಗೊರಗೊರ ಅಂದು ನಿಂತೇಹೋಯಿತು. “ಕುಡ್ದು ದಾರೀಲಿ ಬೀಳಿಸ್ಬುಟ್ಟವ್ನೆ ಕಣ,” ಎಂದರು ಪಟೇಲರು. ಹೆಂಡ ಮುಟ್ಟದ ಅಪ್ಪನ ಬಗ್ಗೆ ಇಡೀ ಊರು ಅದನ್ನೇ ನಂಬಿತು. ಕೆಟ್ಟ ಬ್ಯಾಟರಿಯನ್ನು ಅವನ ತಲೆಯ ಮೇಲೆ ಹೊರಿಸಿ ಸಂಜೆತನಕ ಚಾವಡಿ ಮುಂದೆ ನಿಲ್ಲಿಸಿದರು. ಅವ್ವ ನನ್ನ ಕಣ್ಣು ಮುಚ್ಚಿದ್ದಳು. ನಾನು ಬೆರಳ ಸಂದಿಯಿಂದ ನೋಡಿದೆ.

“ಇದಕ್ಕೆ ನಲ್ಲಿ ನೀರು ಹಾಕ್ಬಾರ್ದು ಅಮ್ಮ. ನಿಮಗಿದೆಲ್ಲ ಗೊತ್ತಿರಲ್ಲ,” ಎಂದ ಮೆಕ್ಯಾನಿಕ್.

“ನಮ್ಮಪ್ಪನಿಗೆ ಗೊತ್ತಿತ್ತು,” ಎಂದೆ.