ಗಡಿಗೆಪ್ಪ ಸಾವ್ಕಾರರು ಜಾರಲು ಹೊರಟದ್ದು

ಮಾನ್ವಿಯಲ್ಲಿ ರೈಸ್ ಮಿಲ್ಲು ನಡೆಸುವ ಗಡಿಗೆಪ್ಪ ಸಾವ್ಕಾರರು ವಯಸ್ಸು ಅರವತ್ತರ ಹತ್ತಿರ ಬಂದರೂ ಒಮ್ಮೆಯೂ ಜಾರಿ ಬಿದ್ದವರಲ್ಲ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು. ಮಳೆ ಬಂದ ದಿನ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ತಮ್ಮ ಮದುವೆಯ ಮೆರವಣಿಗೆಯಲ್ಲಿ ಕುದುರೆ ಹತ್ತಲು ಹೆದರಿ, ಅದರ ಲಗಾಮು ಹಿಡಿದು ಪಕ್ಕದಲ್ಲಿ ನಡೆದುಕೊಂಡೇ ಬಂದರೆಂದು ಹೆಂಡತಿ ಬಸವಂತಮ್ಮ ಈಗಲೂ ಬೀಗರ ಮುಂದೆ ಆಡಿಕೊಳ್ಳುತ್ತಾರೆ.

ಅಂಥವರು ಕಳೆದ ದೀಪಾವಳಿಯ ಹೊತ್ತಿಗೆ ಮಿಲ್ಲಿನ ಹಿಂದಿನ ಹೊಟ್ಟಿನ ದಿಬ್ಬ ಹತ್ತಿದರು. ಭತ್ತದ ಹೊಟ್ಟು ಗಾಳಿಗೆ ಹಾರಿ ಬಂದು ಸಾರಿನೊಳಗೆ ಬೀಳುತ್ತಿದೆ ಎಂದು ಪಕ್ಕದ ಮನೆಯವರು ತಕರಾರು ತೆಗೆದಿದ್ದರು. ದಿಬ್ಬ ಎಷ್ಟು ಬೆಳೆದಿದೆಯೋ ನೋಡೋಣವೆಂದು, ಹಮಾಲರ ಹೆಗಲು ಹಿಡಿದು ಮೇಲೆ ಹೋದ ಸಾವ್ಕಾರರು ಅಲ್ಲಿ ಬಿದ್ದಿದ್ದ ತಗಡಿನ ಮೇಲೆ ಸುಧಾರಿಸಿಕೊಳ್ಳಲು ಕೂತರು. ತಗಡು ಹೊರಟಿತು. ಕೂತವರೂ ಹೊರಟರು. ನೆತ್ತಿಯಿಂದ ಸರ್ರನೆ ಇಳಿದು ಲಾರಿಯ ಗಾಲಿಯ ಹತ್ತಿರ ಬಂದು ನಿಂತರು. ಹಮಾಲರು ಬೊಬ್ಬೆ ಹಾಕುತ್ತ ಓಡಿ ಬಂದರೆ, ಸಾವ್ಕಾರರು ಟೋಪಿ ಕೊಡವಿಕೊಂಡು, "ಆ ತಗಡು ಮತ್ತ ಮ್ಯಾಲ ಒಯ್ರಿ" ಎಂದರು.

ಅಂದಿನಿಂದ ಮಿಲ್ಲಿನ ಕೆಲಸ ಮಧ್ಯಾಹ್ನದ ಮೇಲೆ ನಿಲ್ಲತೊಡಗಿತು. ಶಕ್ತಿನಗರದಲ್ಲಿರುವ ಮಗಳು ಶೈಲಶ್ರೀ ಅಪ್ಪ ಹೊಟ್ಟಿನ ಮೇಲೆ ಜಾರುವ, ಯಾರೋ ಕಳಿಸಿದ ವೀಡಿಯೊ ನೋಡಿ ಫೋನ್ ಮಾಡಿದಳು.

"ಯಪ್ಪಾ, ಇದನ್ನ ಬರ್ಫದಾಗ ಮಾಡ್ತಾರ. ಕಾಲಿಗೆ ಹಲಗಿ ಕಟ್ಟಿಕೊಂಡು. ಸ್ಕೀಯಿಂಗ್ ಅಂತಾರ ಅದಕ್ಕ."

ಅವಳು ಹೇಳಿದ್ದು ತಮಾಷೆಗೆ. ಮರುದಿನ ಸಾವ್ಕಾರರು ರಾಯಚೂರಿಗೆ ಹೋಗಿ ವಲಿ ಪಾಷಾನ ಅಂಗಡಿಯಲ್ಲಿ ಕೂತಿದ್ದರು. ವಲಿ ಪಾಷಾ ಯಾತ್ರೆಯ ಏಜೆಂಟ. ಅಜ್ಮೇರಿಗೆ, ಕಾಶಿಗೆ, ಶ್ರೀಶೈಲಕ್ಕೆ ಮಂದಿ ಕಳಿಸಿ ಕಳಿಸಿ ಗಡ್ಡ ಬೆಳ್ಳಗಾದವನು.

"ಸ್ಕೀಗೆ ಹೋಗಬೇಕು ಪಾಷಾ."

"ಹೋಗೂಣ್ರಿ ಸಾವ್ಕಾರ್ರ. ಯಾವ ದೇವರ್ರಿ ಅದು?"

"ದೇವರಲ್ಲೋ. ಬರ್ಫದ ಮ್ಯಾಲ ಜಾರೂದು."

"ಜಾರಿ ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಕೆಳಗ. ಮತ್ತ ಮ್ಯಾಲ ಹೋಗೂದು, ಮತ್ತ ಜಾರೂದು."

"ದರ್ಶನ?"

"ಇಲ್ಲ."

ವಲಿ ಪಾಷಾ ಪೆನ್ನು ಕೆಳಗಿಟ್ಟ. ದರ್ಶನವಿಲ್ಲದ ಊರಿಗೆ ಟಿಕೆಟ್ ತೆಗೆಯುವುದು ಅವನ ಕೈಗೆ ಬಗ್ಗುತ್ತಿರಲಿಲ್ಲ. ಕಷ್ಟವನ್ನು ಬಗೆಹರಿಸಿದವರು ಬಸವಂತಮ್ಮ. ಚಳಿಗಾಲದಲ್ಲಿ ಕೇದಾರದ ಗುಡಿ ಮುಚ್ಚಿ ದೇವರು ಊಖೀಮಠಕ್ಕೆ ಬಂದು ಕೂರುತ್ತಾನೆ, ಅಲ್ಲಿಗೆ ಕರೆದುಕೊಂಡು ಹೋಗುವುದಾದರೆ ಮಾತ್ರ ತಾವು ಬರುವುದು ಎಂದುಬಿಟ್ಟರು.

"ಥಂಡಿಗೆ ದೇವರೇ ಕೆಳಗ ಇಳದು ಬರ್ತಾನ್ರೀ. ನೀವು ಮ್ಯಾಲ ಹತ್ತಾಕತ್ತೀರಿ," ಎಂದೂ ಸೇರಿಸಿದರು.

ವಲಿ ಪಾಷಾನಿಗೆ ಜೀವ ಬಂತು. ಮೊದಲು ಊಖೀಮಠದಲ್ಲಿ ದರ್ಶನ, ಆಮೇಲೆ ಜೋಶಿಮಠದಲ್ಲಿ ವಸತಿ, ಅದರ ನೆತ್ತಿಯ ಮೇಲಿನ ಔಲಿಯಲ್ಲಿ ಜಾರುವುದು. "ಈಗ ಇದು ಯಾತ್ರಾ ಅನ್ನಿಸ್ತದ ನೋಡ್ರಿ!" ಎಂದು ತಾನೇ ಚಹಾ ತರಿಸಿದ.

ಉಳಿದದ್ದು ಚಳಿ. ಮಾನ್ವಿಯಲ್ಲಿ ಚಳಿ ರೂಢಿ ಮಾಡಿಕೊಳ್ಳುವುದು ಹೇಗೆ? ರಾಯಚೂರಿನ ಹೊರಗೆ ಪರಿಚಯದವರೊಬ್ಬರ ಕೋಲ್ಡ್ ಸ್ಟೋರೇಜ್ ಇತ್ತು, ಮೆಣಸಿನಕಾಯಿ ತುಂಬಿಡುವ ಜಾಗ. ಸಾವ್ಕಾರರು ಸ್ವೆಟರ್, ಮಂಕಿ ಕ್ಯಾಪ್, ಕೈಗವಸು ಹಾಕಿಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಚಳಿ ಏನೂ ಮಾಡಲಿಲ್ಲ. ಘಾಟು ಮಾತ್ರ ಮೂಗಿಗೆ ಏರಿತು. ಒಳಗಿನಿಂದ ಬರುವ ಸೀನು ಕೇಳಿ ಹೊರಗಿದ್ದ ಕಾವಲುಗಾರ ಬಾಗಿಲು ತೆಗೆದಾಗ ಸಾವ್ಕಾರರು ಕಣ್ಣು ಮೂಗು ಕೆಂಪಗೆ ಮಾಡಿಕೊಂಡು, "ಹಿಮಾಲಯ ಭಾಳ ಖಾರ ಇರ್ತದಪ್ಪ" ಎಂದರಂತೆ.

ಹಲಗೆಯ ಕೆಲಸವನ್ನು ದೇವದುರ್ಗದ ಬಡಗಿ ವೆಂಕೋಬನಿಗೆ ಒಪ್ಪಿಸಿದರು. ಅವನು ಬಾಗಿಲು ಚೌಕಟ್ಟಿಗೆ ಹೆಸರಾದವನು. ಫೋನಿನಲ್ಲಿದ್ದ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಆಗ್ಲಿರಿ, ಮಾಡಿಕೊಡ್ತೀನಿ" ಎಂದ. ಎರಡು ವಾರ ಬಿಟ್ಟು ಹೋದರೆ ಸಾಗುವಾನಿ ಹಲಗೆ ಎರಡು ತಯಾರಿದ್ದವು. ತುದಿಯಲ್ಲಿ ಕಮಲದ ಕೆತ್ತನೆ, ಅಂಚಿಗೆ ಹಿತ್ತಾಳೆ ಪಟ್ಟಿ, ನಡುವೆ ಅರಿಷಿಣ ಕುಂಕುಮ. ಒಂದೊಂದನ್ನು ಎತ್ತಲು ಇಬ್ಬಿಬ್ಬರು ಬೇಕಾಯಿತು. ಸಾವ್ಕಾರರು ಅವನ್ನು ಹೊಟ್ಟಿನ ದಿಬ್ಬದ ಮೇಲೇರಿಸಿ ಕಾಲಿಗೆ ಕಟ್ಟಿಕೊಂಡರು. ಹಲಗೆಗಳು ಜಾರಲಿಲ್ಲ. ನಿಧಾನಕ್ಕೆ ಹೊಟ್ಟಿನೊಳಗೆ ಇಳಿದವು, ಸಾವ್ಕಾರರ ಮೊಳಕಾಲು ಮುಚ್ಚುವವರೆಗೆ.

ಆದರೂ ಅವನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ದಿಲ್ಲಿಯ ರೈಲಿನಲ್ಲಿ ಟಿಕೆಟ್ ನೋಡುವವನು ಸೀಟಿನ ಕೆಳಗಿನ ಕಮಲಗಳನ್ನು ಕಂಡು ಇದೇನೆಂದು ಕೇಳಿದ. ಸಾವ್ಕಾರರು ಹಿಂದಿಗಾಗಿ ತಡಕಾಡುತ್ತಿದ್ದಾಗ ಬಸವಂತಮ್ಮನೇ "ಹೊಸ್ತಿಲು" ಎಂದು ಹೇಳಿ ಕಳಿಸಿದರು.

ಊಖೀಮಠದಲ್ಲಿ ದರ್ಶನ ಚೆನ್ನಾಗಿಯೇ ಆಯಿತು. ಜೋಶಿಮಠಕ್ಕೆ ಹೊರಟ ಜೀಪಿನವನು ಹಲಗೆ ಹೇರಲು ಒಪ್ಪದ್ದರಿಂದ ಅವು ಅಲ್ಲಿನ ವಸತಿಗೃಹದಲ್ಲಿ ಉಳಿದವು. ಸಾವ್ಕಾರರು ಬಾಡಿಗೆಯ ಹಲಗೆ, ಬಾಡಿಗೆಯ ಕೇಸರಿ ಬಣ್ಣದ ಚಳಿ ಅಂಗಿ ತೊಟ್ಟು ಔಲಿಯ ಇಳಿಜಾರಿನ ಮೇಲೆ ನಿಂತರು. ಕೆಳಗೆ ಎಲ್ಲವೂ ಬಿಳಿ. ಕಲಿಸುವ ತರುಣ ಹಿಂದಿಯಲ್ಲಿ ಇನ್ನೂ ಏನೋ ಹೇಳುತ್ತಿದ್ದ, ಅಷ್ಟರಲ್ಲಿ ಸಾವ್ಕಾರರು ಹೊರಟಾಗಿತ್ತು.

ಹೊಟ್ಟಿನ ಮೇಲೆ ಜಾರಿ ನಿಲ್ಲುವುದನ್ನು ಯಾರೂ ಕಲಿಯಬೇಕಿರಲಿಲ್ಲ, ಹೊಟ್ಟೇ ನಿಲ್ಲಿಸುತ್ತಿತ್ತು. ಇಲ್ಲಿ ಹಾಗಲ್ಲವೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಮಾಡುವುದೇನೆಂದು ತೋಚದೆ ಎರಡೂ ಕೈ ಜೋಡಿಸಿ, "ಸರೀರ್ರಿ! ಸರೀರ್ರಿ!" ಎಂದು ಕೂಗತೊಡಗಿದರು. ಕೇಸರಿ ಅಂಗಿ, ಮುಗಿದ ಕೈ, ತಿಳಿಯದ ಮಂತ್ರ. ಪ್ರವಾಸಿಗರು ಎರಡೂ ಕಡೆ ಸರಿದು ನಿಂತು ತಾವೂ ಕೈ ಮುಗಿದರು. ಸಾವ್ಕಾರರು ಅವರೆಲ್ಲರ ನಡುವೆ ಹಾದು ಹೋಗಿ ಹಿಮದ ರಾಶಿಯೊಂದರಲ್ಲಿ ಸೊಂಟದವರೆಗೆ ಹುಗಿದುಕೊಂಡರು.

ಬಸವಂತಮ್ಮ ಸೀರೆ ಎತ್ತಿ ಹಿಡಿದು ಓಡಿ ಬಂದರು. ಎಳೆದರೂ ಗಂಡ ಕದಲಲಿಲ್ಲ. ಇವರೂ ಉಸಿರು ಬಿಡುತ್ತ ಅಲ್ಲೇ ಕೂತುಬಿಟ್ಟರು.

"ಬಿದ್ರೇನ್ರೀ?"

"ನಿಂತೀನಲ್ಲ, ಕಾಣಂಗಿಲ್ಲೇನು?"

ಸಾವ್ಕಾರರ ರೆಪ್ಪೆಯ ಮೇಲೆಲ್ಲ ಹಿಮ ಹತ್ತಿತ್ತು. ಅಂಥ ನಗುವನ್ನು ಬಸವಂತಮ್ಮ ಮದುವೆಯಾದಾಗಿನಿಂದ ನೋಡಿರಲಿಲ್ಲ. ಬೈಯಬೇಕೆಂದು ಬಂದವರು ಚೀಲದಿಂದ ಒಣಗಿಸಿದ ಕಟಕ ರೊಟ್ಟಿ ತೆಗೆದು, ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ಕೈಗೆ ಕೊಟ್ಟರು. ಇಬ್ಬರೂ ತಿನ್ನತೊಡಗಿದರು. ಏದುಸಿರು ಬಿಡುತ್ತ ಬಂದ ತರುಣನಿಗೂ ಒಂದು ತುಂಡು ಸಿಕ್ಕಿತು.

"ಉಣ್ಣಪ್ಪ, ಉಣ್ಣು," ಎಂದರು ಗಡಿಗೆಪ್ಪ ಸಾವ್ಕಾರರು, ಹೂತ ಕಡೆಯಿಂದಲೇ ಮೇಲಿನ ಇಳಿಜಾರನ್ನು ನೋಡುತ್ತ. "ಉಂಡು ನನ್ನ ಕೀಳು. ಮತ್ತ ಹೋಗೂಣು."