ಬಿಟ್ಟುಹೋದ ಒಂದು

ಸಂಡೂರಿನಲ್ಲಿ ಅದಿರು ಲಾರಿ ತೂಗುವ ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತು ಚೀಟಿ ಬರೆಯುವುದು ಆಗ ನನ್ನ ಕೆಲಸ. ಎರಡು ಲಾರಿಗಳ ನಡುವೆ ಸಿಗುವ ಬಿಡುವಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ, ಮೂರನೇ ಸಲ. ಇಂಗ್ಲಿಷ್ ಪುಟಗಳ ಮೇಲೆ ಕೆಂಪು ಧೂಳು ಕೂತು ಅರ್ಧ ಕಾಣುತ್ತಿರಲಿಲ್ಲ. ಕಂಡ ಅರ್ಧ ತಲೆಗೆ ಹತ್ತುತ್ತಿರಲಿಲ್ಲ. ಅವತ್ತು ಬೇಸತ್ತು ರೀಸನಿಂಗ್ ಪುಸ್ತಕ ತೆಗೆದೆ.

ನಲವತ್ತು ಜನರ ಸಾಲಿನಲ್ಲಿ ರಮೇಶ ಮುಂದಿನಿಂದ ಹನ್ನೊಂದನೆಯವನು. ಹಿಂದಿನಿಂದ ಎಷ್ಟನೆಯವನು? ನಲವತ್ತರಲ್ಲಿ ಹನ್ನೊಂದು ಕಳೆದು ಇಪ್ಪತ್ತೊಂಬತ್ತು ಎಂದು ಬರೆದೆ. ಪುಸ್ತಕದ ಕೊನೆಯಲ್ಲಿ ಮೂವತ್ತು ಎಂದಿತ್ತು. ಅಚ್ಚಿನ ತಪ್ಪು ಎಂದು ಗೊಣಗಿದೆ.

ಲಾರಿಯನ್ನು ಸಾಲಿನಲ್ಲಿ ಬಿಟ್ಟು, ತನ್ನ ಪಾಳಿ ಯಾವಾಗ ಎಂದು ಕೇಳಲು ಬಂದಿದ್ದ ಬಂಡ್ರಿಯ ಡ್ರೈವರ್ ಏನದು ಎಂದ. ಓದಿ ಹೇಳಿದೆ.

"ಮೂವತ್ತ ಬರೋಬ್ಬರಿ ಐತ್ರಿ. ನಿನ್ನೆಯಿಂದ ಇದನ್ನ ಎಣಿಸಾಕತ್ತೀನಿ. ಹಿಂದಿನಿಂದ ಎಣಿಸ್ಕೋತ ಬಂದ್ರ ನನ್ನ ಗಾಡೀನೂ ಸೇರಬೇಕಲ್ರಿ. ನೀವು ನಿಮ್ಮನ್ನ ಬಿಟ್ಟು ಎಣಿಸೀರಿ."

ಪರೀಕ್ಷೆಯಲ್ಲಿ ಅಂಥದ್ದೇ ಪ್ರಶ್ನೆ ಬಂತು. ಮರೆಯದೆ ಒಂದು ಕೂಡಿಸಿದೆ. ಆಮೇಲೆ ಪಾಸಾದವರ ಪಟ್ಟಿ ಬಂದಾಗ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದೆ. ಈ ಸಲ ನನ್ನನ್ನು ಬಿಟ್ಟು ಎಣಿಸಿದವರು ಬ್ಯಾಂಕಿನವರು.