ಒಡಕು ಗಂಟೆಯ ಗಾಡಿ

ಮೊನ್ನೆ ಬೀದರಿನ ನಮ್ಮ ಓಣಿಗೆ ಗುಜರಿಯವನೊಬ್ಬ ಸೈಕಲ್ಲಿನ ಹಿಂದೆ ಗಾಡಿ ಕಟ್ಟಿಕೊಂಡು ಬಂದ. ಗಾಡಿಯ ಮೂಲೆಗೆ ಎಲ್ಲಿಯದೋ ಹಳೆಯ ಹಿತ್ತಾಳೆ ಗಂಟೆ ಬಿಗಿದಿದ್ದ. ಗಂಟೆ ಕೇಳಿದರೆ ಜನ ದಾರಿ ಬಿಟ್ಟು ಸರಿಯುತ್ತಾರೆ. ನಾನು ಮೊಣಕಾಲು ಹಿಡಿದುಕೊಂಡು ಬಾಗಿಲಿಗೆ ಹೋಗಿ ನಿಂತೆ. "ಅತ್ತಿ, ಹಳಿ ಸಾಮಾನ ಕೊಡೋದದ ಏನ್ರಿ?" ಎಂದು ಸೊಸೆ ಒಳಗಿನಿಂದ ಕೇಳಿದಳು. ಕೊಡುವುದೇನೂ ಇರಲಿಲ್ಲ. ಅವನ ಗಂಟೆಯದು ತುಂಬಿದ, ಸ್ವಚ್ಛವಾದ ದನಿ. ನಾನು ಕೇಳಬೇಕೆಂದು ಬಂದ ದನಿ ಅದಲ್ಲ. ಆದರೂ ಆ ಗಾಡಿ ಓಣಿ ದಾಟುವತನಕ ನನ್ನ ಮೂಗಿನಲ್ಲಿ ತುಕ್ಕು, ಸೀಮೆಎಣ್ಣೆ, ಬೆಸುಗೆಗೆ ಸುಟ್ಟ ಬಿಳಿಗಾರ ಎಲ್ಲ ಕಲೆತ ಒಂದು ವಾಸನೆ ನಿಂತಿತ್ತು. ಅದು ಭಾಲ್ಕಿಯ ನಮ್ಮ ಅಂಗಳದ ವಾಸನೆ. ಆ ಅಂಗಳ ಈಗಿಲ್ಲ, ಅಲ್ಲಿ ಯಾರೋ ಮೂರು ಅಂತಸ್ತಿನ ಮನೆ ಕಟ್ಟಿದ್ದಾರೆ. ನಿಮ್ಮದೂ ಇಂಥದೊಂದು ಅಂಗಳ ಎಲ್ಲೋ ಯಾರದೋ ಗೋಡೆಯ ಕೆಳಗೆ ಹೋಗಿರಬೇಕು. ಅದಕ್ಕೇ ಇದನ್ನು ನಿಮಗೆ ಹೇಳುತ್ತಿದ್ದೇನೆ.

ಅಪ್ಪ ಸೈಕಲ್ ಕಟ್ಟುತ್ತಿದ್ದ. ಮಾರುವ ಅಂಗಡಿ ಅವನದಾಗಿರಲಿಲ್ಲ, ರಿಪೇರಿಯನ್ನೂ ಅವನು ಅಷ್ಟು ಮನಸ್ಸಿಟ್ಟು ಮಾಡುತ್ತಿರಲಿಲ್ಲ. ಬೀದರಿನ ಗುಜರಿಯಿಂದ ಮುರುಕು ಸಾಮಾನು ಚೀಲಗಟ್ಟಲೆ ತಂದು ಬೇವಿನ ಮರದ ಕೆಳಗೆ ಸುರಿದು, ಅದರಲ್ಲಿ ಆರಿಸಿ ಆರಿಸಿ ಹೊಸದೊಂದನ್ನು ಎಬ್ಬಿಸುತ್ತಿದ್ದ. ಹ್ಯಾಂಡಲ್ ಒಂದರದ್ದು, ಚೈನು ಇನ್ನೊಂದರದ್ದು, ಹಿಂದಿನ ಗಾಲಿ ಯಾವುದರದ್ದೆಂದು ದೇವರಿಗೇ ಗೊತ್ತು. ಊರವರು ಅವಕ್ಕೆ ಖಿಚಡಿ ಸೈಕಲ್ ಎಂದು ಹೆಸರಿಟ್ಟಿದ್ದರು, ನಗುತ್ತಲೇ ಒಯ್ಯುತ್ತಿದ್ದರು. ಹಾಲಿನ ಕ್ಯಾನು ಇಡಲು, ಸಂತೆಗೆ ಬಟ್ಟೆಗಂಟು ಸಾಗಿಸಲು, ಸೈಕಲ್ಲಿನ ಹಿಂದೆ ಎಳೆಯುವ ಎರಡು ಗಾಲಿಯ ಗಾಡಿಗಳನ್ನೂ ಅವನೇ ಯೋಚಿಸಿ ಮಾಡುತ್ತಿದ್ದ. ಸುಮ್ಮನೆ ಬಿದ್ದ ಸಾಮಾನು ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ. ಯಾರದು, ಯಾಕೆ ಇಟ್ಟಿದ್ದಾರೆ ಎಂದು ಕೇಳುವ ಮೊದಲೇ ಪಾನಾ ಹಿಡಿದ ಕೈ ನಟ್ಟಿನ ಮೇಲೆ ಹೋಗುತ್ತಿತ್ತು. "ಸುಮ್ಮ ಕುಂತ್ರ ಇವರು ನನ್ನೂ ಬಿಚ್ಚಿ ಯಾವದರ ಗಾಡಿಗಿ ಹಚ್ತಾರ" ಎಂದು ಅವ್ವ ನೆರೆಯವರ ಮುಂದೆ ಹೇಳುತ್ತಿದ್ದಳು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದನೆಂದು ಕಾಣುತ್ತದೆ.

ನಮ್ಮ ಹೈದರಾಬಾದ್ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಬೀದರಿನ ಗುಜರಿ ತುಂಬಿ ತುಳುಕಿತು. ಮೊದಲು ರಜಾಕಾರರ ಹೆದರಿಕೆಗೆ ನಮ್ಮಂಥವರು ಬಾಗಿಲು ಹಾಕಿಕೊಂಡು ಗಡಿಯಾಚೆ ಹೋಗಿ ಕುಳಿತಿದ್ದೆವು. ಭಾರತದ ಮಿಲಿಟರಿ ಬಂದ ಮೇಲೆ ನಾವು ಮರಳಿದೆವು. ಈಗ ಬಾಗಿಲು ಹಾಕಿಕೊಂಡು ಹೋಗುವ ಪಾಳಿ ಮುಸಲ್ಮಾನರದಾಗಿತ್ತು, ಅವರಲ್ಲಿ ಬಹಳ ಜನರಿಗೆ ಬಾಗಿಲು ಹಾಕುವಷ್ಟು ವೇಳೆಯೂ ಸಿಗಲಿಲ್ಲ. ಗುಜರಿಯಲ್ಲಿ ಹೊಲಿಗೆ ಯಂತ್ರ, ತೊಟ್ಟಿಲ ಕಂಬಿ, ಗಾಲಿ ಕಳಚಿದ ಸೈಕಲ್ಲು ಒಂದರ ಮೇಲೊಂದು ಬಿದ್ದಿದ್ದವು. ಮಾರುವವನು ಯಾರದೆಂದು ಹೇಳುತ್ತಿರಲಿಲ್ಲ, ಕೊಳ್ಳುವವನು ಕೇಳುತ್ತಿರಲಿಲ್ಲ. ಅಪ್ಪನೂ ಕೇಳಲಿಲ್ಲ. ಆ ವರ್ಷ ಅವನು ಬಹಳ ಸೈಕಲ್ಲು ಕಟ್ಟಿದ.

ನಮ್ಮ ಹಿತ್ತಲಿಗೆ ಹಚ್ಚಿ ಚಾಂದಬೀಯ ಮನೆ ಇತ್ತು. ಸುತ್ತ ಹತ್ತು ಹಳ್ಳಿಗೆ ಅವಳೇ ದಾಯಿ, ನನ್ನನ್ನು ಈ ಲೋಕಕ್ಕೆ ಎಳೆದವಳೂ ಅವಳೇ. ನಾವು ಮಕ್ಕಳೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು, ಅಪ್ಪ ಅಕ್ಕಾ ಎನ್ನುತ್ತಿದ್ದ. ಅವಳ ಗಂಡ ಮೌಲಾಸಾಬ್ ಸ್ಟೇಷನ್ನಿನ ಮುಂದೆ ಟಾಂಗಾ ಹೂಡುತ್ತಿದ್ದ. ಹೆರಿಗೆಗೆ ಕರೆ ಬಂದರೆ ಸವಾರಿ ಬಿಟ್ಟು ಹೆಂಡತಿಯನ್ನು ಭಾತಂಬ್ರಾಕ್ಕೋ ಸಾಯಗಾಂವಕ್ಕೋ ಮುಟ್ಟಿಸುತ್ತಿದ್ದ. ಆ ಗದ್ದಲದ ದಿನಗಳಲ್ಲಿ ಅವನು ಊರು ಬಿಡುತ್ತಿದ್ದ ಒಂದು ಕುಟುಂಬವನ್ನು ಟಾಂಗಾದಲ್ಲಿ ಕೂರಿಸಿಕೊಂಡು ಬೀದರಿಗೆಂದು ಹೋದ. ಕೆಲವು ದಿನಗಳ ಮೇಲೆ ಟಾಂಗಾ ಜನವಾಡದ ಹತ್ತಿರ ದಾರಿಯ ಪಕ್ಕ ಸಿಕ್ಕಿತು. ಒಂದು ಗಾಲಿ ಮುರಿದಿತ್ತು. ಕುದುರೆ ಇರಲಿಲ್ಲ, ಕುಟುಂಬ ಇರಲಿಲ್ಲ, ಮೌಲಾಸಾಬ್ ಇರಲಿಲ್ಲ. ಅಪ್ಪನೇ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದು ಅದನ್ನು ಅವಳ ಅಂಗಳದಲ್ಲಿ ನಿಲ್ಲಿಸಿದ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. "ಹೈದರಾಬಾದ್ ಕಡಿ ಹೋಗಿರಬೇಕು, ಬರ್ತಾನ" ಎಂದಳು, ಅಷ್ಟೇ. ಬೆಳಿಗ್ಗೆ ಎದ್ದರೆ ಮೊದಲು ಟಾಂಗಾದ ಸೀಟಿನ ಧೂಳು ಒರೆಸುತ್ತಿದ್ದಳು.

ಅವಳ ಮೊಣಕಾಲುಗಳು ಆಗಲೇ ಹೋಗಿದ್ದವು. ಟಾಂಗಾ ಇಲ್ಲದೆ ಹಳ್ಳಿಗೆ ಹೋಗುವುದಾಗಲಿಲ್ಲ. ಹೋಗದಿದ್ದರೆ ಜೋಳ ಬರುತ್ತಿರಲಿಲ್ಲ, ಯಾಕೆಂದರೆ ಹೆರಿಗೆಯ ಮನೆಯವರು ಕೊಡುವ ಜೋಳವೇ ಅವಳ ಅನ್ನ. ನಾವು ಕೊಟ್ಟರೆ ಎರಡು ಸಲ ತೆಗೆದುಕೊಂಡಳು, ಮೂರನೆಯ ಸಲ ಬೇಡವೆಂದಳು. ಔರಾದದಲ್ಲಿ ಅವಳ ತಮ್ಮನಿದ್ದ, ಬಂದುಬಿಡು ಎಂದು ಹೇಳಿ ಕಳಿಸುತ್ತಲೇ ಇದ್ದ. ಅವಳ ತೊಡಕು ಒಂದೇ. "ನಾ ಔರಾದಕ್ಕ ಹೋದರ ಈ ಬಾಗಿಲಿಗಿ ಕೀಲಿ ಬೀಳ್ತದ. ಅವಾ ಬಂದು ಕೀಲಿ ನೋಡಿ, ನಾ ಸತ್ತೀನಿ ಅಂತ ತಿಳಕೊಂಡು ಹೊಳ್ಳಿ ಹೋದರ?" ಎಂದು ಅವ್ವನ ಮುಂದೆ ಹೇಳಿದ್ದಳು. ಇದನ್ನು ಕೇಳಿದ ಅಪ್ಪ ಬೇವಿನ ಕೆಳಗಿನ ರಾಶಿಯಲ್ಲಿ ಗಾಲಿ ಹುಡುಕತೊಡಗಿದ. ಚಾಂದಬೀ ಕುಳಿತು ಹೋಗುವಂಥ ಗಾಡಿಯೊಂದನ್ನು ಕಟ್ಟಿ ತಾನೇ ಸೈಕಲ್ಲಿಗೆ ಹೂಡಿ ಹಳ್ಳಿಗೆ ಕರೆದೊಯ್ಯುತ್ತೇನೆ ಎಂಬುದು ಅವನ ಲೆಕ್ಕ.

ಗಾಲಿ ಸಿಕ್ಕವು, ಪೈಪು ಸಿಕ್ಕಿತು. ಸಿಗದೆ ಉಳಿದದ್ದು ಸ್ಪ್ರಿಂಗು. ಹಾಲಿನ ಕ್ಯಾನಿಗೆ ಕುಲುಕಾಟ ನಡೆಯುತ್ತದೆ, ನೋವಿನ ಮೊಣಕಾಲಿಗೆ ನಡೆಯುವುದಿಲ್ಲ. ಚಾಂದಬೀ ಬಾಗಿಲಿಗೆ ಕೀಲಿ ಹಾಕದೆ ಮನೆಯನ್ನು ಅವ್ವನಿಗೆ ಒಪ್ಪಿಸಿ, ತಮ್ಮನ ಬಂಡಿಯಲ್ಲಿ ಔರಾದಕ್ಕೆ ಮಾತಾಡಿ ಬರುತ್ತೇನೆಂದು ಹೋದದ್ದೇ ತಡ, ಅಪ್ಪ ಬೇಲಿ ದಾಟಿ ಅವಳ ಟಾಂಗಾದ ಮುಂದೆ ನಿಂತ. "ಕೇಳಿ ತಗೋರಿ" ಎಂದಳು ಅವ್ವ. "ಕಟ್ಟಿ ತೋರಿಸ್ತೇನಿ, ಆಮ್ಯಾಲ ಕೇಳ್ತೇನಿ. ಅದು ಸುಮ್ಮ ಬಿದ್ದದಲ್ಲ" ಎಂದ ಅಪ್ಪ. ಸ್ಪ್ರಿಂಗು ತೆಗೆದ, ಸೀಟು ತೆಗೆದ. ಕುದುರೆ ಹೂಡುವ ಎರಡು ಉದ್ದನೆಯ ಕಂಬಗಳನ್ನು ಕೊಯ್ದು ಗಾಡಿಗೆ ಚೌಕಟ್ಟು ಮಾಡಿದ, ಟಾಂಗಾದಲ್ಲಿ ಉಳಿದದ್ದು ನಮ್ಮ ರಾಶಿಗೆ ಸೇರಿತು. ಇದ್ದಿಲ ಕುಲುಮೆಯಲ್ಲಿ ಪೈಪುಗಳನ್ನು ಹಿತ್ತಾಳೆಯಿಂದ ಬೆಸೆದ. ಗಾಡಿ ನಿಜಕ್ಕೂ ಚೆಂದವಾಗಿತ್ತು, ಇಂದಿಗೂ ಹಾಗೆಯೇ ಅನಿಸುತ್ತದೆ. ಅವ್ವ ಅದಕ್ಕೆ ವಿಭೂತಿ ಹಚ್ಚಿದಳು.

ಚಾಂದಬೀ ಮರಳಿ ಬಂದು ಮೊದಲು ನೋಡಿದ್ದು ತನ್ನ ಅಂಗಳದ ಖಾಲಿ ಜಾಗ. ಆಮೇಲೆ ನಮ್ಮ ಅಂಗಳದ ಗಾಡಿ. ಸೀಟಿನ ಮೇಲೆ ಕೈಯಿಟ್ಟಳು. ಅಪ್ಪ ಹೊಗಳಿಕೆಗೆ ಕಾಯುತ್ತಿದ್ದ.

"ಅವಾ ಬಂದರ ಏನ್ ಹೂಡಬೇಕು ಶರಣಪ್ಪಾ?" ಎಂದಳು.

ಅಪ್ಪನ ಮುಖ ಸಣ್ಣದಾಯಿತು. "ಹೊಳ್ಳಿ ಕೂಡಸ್ತೇನ್ರಿ ಅಕ್ಕಾ" ಎಂದ.

"ಕೊಯ್ದ ಕಟ್ಟಿಗಿ ಕೂಡ್ತದೇನಪ್ಪಾ?" ಎಂದು ಅವಳು ಒಳಗೆ ಹೋದಳು. ಮರುದಿನ ಗಂಟು ಕಟ್ಟಿದಳು, ತಮ್ಮನಿಗೆ ಬಂಡಿ ತರಲು ಹೇಳಿ ಕಳಿಸಿದಳು. ನಾವೆಲ್ಲ ಅವಳ ಟಾಂಗಾವನ್ನು ಮುರುಕು ಸಾಮಾನು ಎಂದೇ ನೋಡಿದ್ದೆವು. ಅವಳ ಪಾಲಿಗೆ ಮಾತ್ರ ಅದು ಇನ್ನೂ ದಾರಿಯಲ್ಲಿತ್ತು. ಅಪ್ಪನ ಮೇಲೆ ಆ ದಿನ ನನಗೆ ಬಂದ ಸಿಟ್ಟು ಇನ್ನೂ ನೆನಪಿದೆ. ಅವನು ಊಟ ಮಾಡದೆ ಕುಲುಮೆಯ ಬೂದಿ ಕೆದಕುತ್ತ ಕುಳಿತದ್ದು ಕಂಡು ಅಳು ಬಂದದ್ದೂ ನೆನಪಿದೆ.

ಔರಾದದ ಬಂಡಿ ಬರುವ ಮೊದಲು ಭಾತಂಬ್ರಾದಿಂದ ಒಬ್ಬ ಓಡುತ್ತ ಬಂದ. ತನ್ನ ಸೊಸೆಗೆ ಹಿಂದಿನ ದಿನದಿಂದ ಬೇನೆ, ಕೂಸು ಅಡ್ಡ ತಿರುಗಿದೆ ಎಂದು ಬಾಗಿಲಲ್ಲೇ ಕುಸಿದು ಕುಳಿತ. ಚಾಂದಬೀ ಕಟ್ಟಿದ ಗಂಟಿನ ಪಕ್ಕದಿಂದ ಎದ್ದು ಹೊರಗೆ ಬಂದಳು. ಅಪ್ಪನನ್ನು ನೋಡದೆ ಗಾಡಿಯನ್ನು ಮಾತ್ರ ನೋಡಿ, "ಗಂಟಿ ಎಲ್ಲಿ ಇಟ್ಟೀದಿ?" ಎಂದು ಕೇಳಿದಳು. ಮೌಲಾಸಾಬ್ ಕಾಲಿನಿಂದ ಒತ್ತಿ ಬಾರಿಸುತ್ತಿದ್ದ ಟಾಂಗಾದ ಗಂಟೆ ಅದು. ಕುದುರೆಯಿಲ್ಲದ ಗಾಡಿಗೆ ಯಾಕೆಂದು ಅಪ್ಪ ರಾಶಿಗೆ ಎಸೆದಿದ್ದ. ಓಡಿಹೋಗಿ ಹುಡುಕಿ ತಂದು ಅವಳ ಪಾದ ಮುಟ್ಟುವ ಜಾಗಕ್ಕೆ ಬಿಗಿದ. ಅಂಚಿನಲ್ಲಿ ಬಿರುಕಿತ್ತು, ದನಿ ಒಡೆದಿತ್ತು. "ಅಕ್ಕಾ, ಬೀದರದಾಗ ಇದಕ್ಕಿಂತ ಚಲೋ ಗಂಟಿ ಸಿಗ್ತಾವರಿ, ಆಮ್ಯಾಲ ಬದಲಿ ಮಾಡ್ತೇನಿ" ಎಂದ.

"ಬ್ಯಾಡ. ಅವನಿಗಿ ಈ ಒಡಕ ದನಿನೇ ಗೊತ್ತದ" ಎಂದು ಅವಳು ಹತ್ತಿ ಕುಳಿತಳು.

ಮುಂದೆ ಭಾರವಿಲ್ಲದಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆಂದು ಅಪ್ಪ ನನ್ನನ್ನೂ ಅವಳ ಕಾಲ ಬಳಿ ಕೂರಿಸಿದ. ಊರು ದಾಟಿದ ಮೇಲೆ ಎರಡೂ ಕಡೆ ಬರೀ ತೊಗರಿ ಹೊಲ, ದಾರಿಯಲ್ಲಿ ಒಂದು ನಾಯಿಯೂ ಇಲ್ಲ. ಅವಳು ಗಂಟೆ ಒತ್ತುತ್ತಲೇ ಇದ್ದಳು. "ದಾರಿ ಖಾಲಿ ಅದರಿ ಅಕ್ಕಾ" ಎಂದ ಅಪ್ಪ. ಅವಳು ಹೊಲದಾಚೆ ನೋಡುತ್ತ ಮತ್ತೆ ಒತ್ತಿದಳು. ಆ ಕೂಸು ಬದುಕಿತು. ಔರಾದದ ಬಂಡಿ ಬಂದು ಖಾಲಿಯೇ ಮರಳಿತು. ಅವಳ ಬಾಗಿಲಿಗೆ ಕೀಲಿ ಬೀಳಲಿಲ್ಲ. ಆ ಬೇಸಿಗೆಯಲ್ಲಿ ಹುಟ್ಟಿದ ನನ್ನ ತಮ್ಮನನ್ನೂ ಮೊದಲು ಎತ್ತಿಕೊಂಡವಳು ಅವಳೇ.

ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡನಾಡಿನ ಕಡೆಗೆ ಸೇರುವತನಕವೂ ಅವಳು ಬದುಕಿದ್ದಳು. ಮೌಲಾಸಾಬ್ ಬರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪ ತನ್ನ ರೂಢಿಯಂತೆ ಗಾಡಿಯನ್ನು ಬಿಚ್ಚಿದ. ಗಾಲಿಗಳು ಸಾಯಗಾಂವದ ಒಬ್ಬನ ಸೈಕಲ್ಲಿಗೆ ಹೋದವು, ಸೀಟು ಅವ್ವನ ಮಣೆಯಾಯಿತು. ಗಂಟೆಯನ್ನು ಮಾತ್ರ ತನ್ನ ಸೈಕಲ್ಲಿಗೆ ಬಿಗಿದು, ಕೈಯಿಂದ ಒತ್ತಿದರೆ ಬಡಿಯುವಂತೆ ಬ್ರೇಕಿನ ಹಿಡಿಕೆಯೊಂದನ್ನು ಜೋಡಿಸಿದ. ರಜೆ ಮುಗಿದ ಮೇಲೆ ನನ್ನನ್ನು ಬೀದರಿನ ಸಾಲೆಯ ಹಾಸ್ಟೆಲ್ಲಿಗೆ ಬಿಡಲು ಹಿಂದೆ ಕೂರಿಸಿಕೊಂಡು ಹೋಗುವಾಗ, ಮುಂದೆ ಹಿಂದೆ ಯಾರೂ ಇಲ್ಲದಲ್ಲೆಲ್ಲ ಅದನ್ನು ಒತ್ತುತ್ತಿದ್ದ. ಒಂದು ಸಲ ನಾನು, "ಯಾರೂ ಇಲ್ಲಲ್ಲ ಅಪ್ಪಾ, ಯಾಕ ಬಾರಸ್ತಿ?" ಎಂದು ಕೇಳಿದೆ.

ಅಪ್ಪ ತುಳಿಯುವುದನ್ನು ನಿಲ್ಲಿಸಿ, ಗಾಲಿಯನ್ನು ತಾನಾಗಿ ಓಡಲು ಬಿಟ್ಟ.

"ಇದ್ದರ ಕೇಳ್ಲಿ" ಎಂದು ಮತ್ತೊಮ್ಮೆ ಒತ್ತಿದ.